ಬಿಸಿ ಬಂತೋ

ನನ್ನ ತಂಗಿ ಕುದಿಯುವ ಸಾರು ಮೈಮೇಲೆ ಬಿದ್ದು ಸತ್ತಳು. ಕಾಲು ಜಾರಿ ಬಿದ್ದಳು ಎಂದು ಆ ಮನೆಯವರು ಹೇಳುತ್ತಾರೆ. ಸುಳ್ಳು. ಅವಳ ಬಾಯಿ ಮುಚ್ಚಿಸಿದರು, ಅದಕ್ಕೆ ಸತ್ತಳು. ಬಾಯಿಗೂ ಸಾರಿಗೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಅವರಿಗಾಗಿಯೇ ಹೇಳುತ್ತಿದ್ದೇನೆ. ದೇವರಿಗೆ ಹೆದರಿ ಬದುಕಿದವಳು ನಾನು. ಒಂದು ಮಾತನ್ನೂ ಸೇರಿಸುವುದಿಲ್ಲ. ಒಂದು ಮಾತನ್ನೂ ನುಂಗುವುದಿಲ್ಲ.

ನಾವಿಬ್ಬರೂ ಆ ದೊಡ್ಡ ಜಮೀನಿನಲ್ಲಿ ಆಳುಗಳಿಗೆ ಅಡಿಗೆ ಮಾಡುವವರು. ಕೊಯ್ಯುವವರು, ಹೊರೆ ಹೊರುವವರು, ಬಣವೆ ಒಟ್ಟುವವರು, ಕಾಲುವೆ ತೋಡುವವರು, ಎಲ್ಲರ ಮಧ್ಯಾಹ್ನದ ಊಟ ನಮ್ಮ ಕೈಯಲ್ಲಿ. ಮಸುಕಿನಲ್ಲೇ ಹೊಲಕ್ಕೆ ಇಳಿದವನಿಗೆ ಆ ಊಟ ಬಾಯಿರುಚಿಯ ಮಾತಲ್ಲ. ಹೊಟ್ಟೆಗೆ ಗಟ್ಟಿಯಾಗಿ ಬಿದ್ದರೆ ಸಂಜೆಯವರೆಗೆ ಸೊಂಟ ನಿಲ್ಲುತ್ತದೆ. ಬೀಳದಿದ್ದರೆ ಕುಡುಗೋಲು ಪೈರು ಬಿಟ್ಟು ಕಾಲನ್ನು ಕೊಯ್ಯುತ್ತದೆ. ಆದ್ದರಿಂದ ನಮ್ಮ ಸಾರು ಗಟ್ಟಿ. ಕಾಳನ್ನು ಹಿಂದಿನ ದಿನವೇ ನೆನೆಹಾಕಿ, ಎಲುಬು ಒಡೆದು ಹಾಕಿ, ಗೆಡ್ಡೆಗಳನ್ನು ಸಿಪ್ಪೆಸಮೇತ ಕತ್ತರಿಸಿ ಹಾಕಿ, ಹುಟ್ಟು ನೆಟ್ಟಗೆ ನಿಲ್ಲುವ ತನಕ ಕುದಿಸುತ್ತಿದ್ದೆವು. ಹುಟ್ಟು ಎಂದರೆ ಸಾರು ತಿರುವುವ ಮರದ ಸೌಟು. ನನ್ನ ಎದೆಯುದ್ದ ಇತ್ತು. ಸಾರಿನ ಜೊತೆಗೆ ಅಂಗೈ ದಪ್ಪದ ರೊಟ್ಟಿ. ಮುಚ್ಚಳ ತೆಗೆಯುವ ಮೊದಲು ಇಬ್ಬರೂ ಕಣ್ಣು ಮುಚ್ಚಿ, ದೇವರೇ ಎಲ್ಲರಿಗೂ ಸಾಲಲಿ ಎಂದು ಬೇಡುತ್ತಿದ್ದೆವು.

ಈ ಕೆಲಸ ಮೈಯನ್ನು ತಿನ್ನುತ್ತದೆ. ನನಗೆ ಹುಬ್ಬು ಇಲ್ಲ. ಬೆಂಕಿಯ ಮುಂದೆ ಎಂದೋ ಸುಟ್ಟುಹೋಗಿ ಮತ್ತೆ ಬರಲಿಲ್ಲ. ಮೊಣಕೈಯಿಂದ ಕೆಳಗೆ ಚರ್ಮ ಒಂದೇ ಬಣ್ಣದಲ್ಲಿಲ್ಲ. ಬಲ ಹೆಗಲ ಮೇಲೆ ಒಂದು ಗಂಟು ಇದೆ, ನಿಂಬೆಹಣ್ಣಿನಷ್ಟು. ಕೊಪ್ಪರಿಗೆಯನ್ನು ಬೊಂಬಿಗೆ ತೂಗುಹಾಕಿ, ಮುಂದೊಬ್ಬರು ಹಿಂದೊಬ್ಬರು ಹೆಗಲು ಕೊಟ್ಟು ಕಣದವರೆಗೆ ಹೊತ್ತ ಗಂಟು ಅದು. ಅಂಥದ್ದೇ ಗಂಟು ತಂಗಿಗೂ ಇತ್ತು. ನಾವಿಬ್ಬರೂ ಒಂದೇ ಎತ್ತರ. ಅದು ನಮ್ಮ ಪುಣ್ಯ. ಎತ್ತರ ಹೆಚ್ಚುಕಡಿಮೆ ಇದ್ದರೆ ಕೊಪ್ಪರಿಗೆ ಗಿಡ್ಡನೆಯವರ ಕಡೆಗೆ ಜಾರುತ್ತದೆ.

ಮುಂದೆ ಅವಳು, ಹಿಂದೆ ನಾನು. ಮುಂದಿನವಳಿಗೆ ಹಿಂದಿನವಳು ಕಾಣುವುದಿಲ್ಲ. ಹಿಂದಿನವಳಿಗೆ ದಾರಿ ಕಾಣುವುದಿಲ್ಲ. ಆವಿ ಕಾಣುತ್ತದೆ, ಮುಂದಿನವಳ ಬೆನ್ನು ಕಾಣುತ್ತದೆ. ಅದಕ್ಕೇ ಕೂಗುತ್ತಿದ್ದೆವು.

“ಬಿಸಿ ಬಂತೋ!” ಎಂದು ಅವಳು.

“ದಾರಿ ಬಿಡ್ರೋ!” ಎಂದು ನಾನು.

ಅವಳ ಕೂಗಿಗೆ ಅವಳ ಹೆಜ್ಜೆ, ನನ್ನ ಕೂಗಿಗೆ ನನ್ನ ಹೆಜ್ಜೆ. ಹೀಗೆ ನಡೆದರೆ ಕೊಪ್ಪರಿಗೆ ತೂಗಾಡುವುದಿಲ್ಲ. ಎದುರು ಬರುವವನು ನಿಲ್ಲುತ್ತಾನೆ. ಅಡ್ಡ ಮಲಗಿದ ನಾಯಿಯೂ ಎದ್ದುಹೋಗುತ್ತದೆ. ನಮ್ಮ ತಾಯಿ ಇದನ್ನೇ ಕೂಗಿದಳು, ಅವಳ ತಾಯಿಯೂ ಕೂಗಿದ್ದಳಂತೆ.

ಆಳುಗಳಿಗೆ ಅದು ಊಟದ ಗಂಟೆ. ಕೂಗು ಕೇಳಿದ ಕೂಡಲೇ ಕುಡುಗೋಲು ಕೆಳಗಿಟ್ಟು ಕೈ ತೊಳೆಯಲು ಓಡುತ್ತಿದ್ದರು. ಬಣವೆ ಒಟ್ಟುವ ಮುದುಕನೊಬ್ಬ ಮೇಲಿನಿಂದಲೇ ಕೂಗುತ್ತಿದ್ದ:

“ದಾರಿ ಯಾಕೆ ತಾಯೀ, ಹೊಟ್ಟೇನೇ ತೆಕ್ಕೊಂಡು ಕೂತಿದೀನಿ!”

“ನಿಂದು ಹೊಟ್ಟೆ ಅಲ್ಲ ಮಾವಾ, ಬಾವಿ. ಹಗ್ಗ ತಂದಿದೀಯಾ?” ಎಂದು ತಂಗಿ.

ಆಳುಗಳ ಬಾಯಲ್ಲಿ ನಾನು ದೊಡ್ಡಮ್ಮ, ಅವಳು ಚಿಕ್ಕಮ್ಮ. ನನ್ನ ಗಂಡ ಹೋಗಿ ಬಹಳ ಕಾಲವಾಗಿತ್ತು. ಅವಳಿಗೆ ಮದುವೆಯೇ ಆಗಲಿಲ್ಲ. ಅಡಿಗೆಮನೆಯ ಹಿಂದಿನ ಕೋಣೆಯಲ್ಲಿ ಇಬ್ಬರೂ ಇದ್ದೆವು. ಅವಳಿಗೆ ನಾನು, ನನಗೆ ಅವಳು.

ಆ ಮನೆಗೆ ಸೊಸೆಯಾಗಿ ಬಂದವಳನ್ನು ಎಲ್ಲರೂ ಸಣ್ಣ ಯಜಮಾನಿ ಎನ್ನುತ್ತಿದ್ದರು. ಅತ್ತೆ ತೀರಿಕೊಂಡ ಮೇಲೆ ಅಡಿಗೆಮನೆಯ ಯಜಮಾನಿಕೆ ಅವಳಿಗೆ ಬಂತು. ಮಾತು ನಯ, ಕಣ್ಣು ಚುರುಕು. ಬಂದ ಹೊಸದರಲ್ಲಿ ಒಮ್ಮೆ ಬಾಗಿಲಲ್ಲಿ ನಿಂತು ಕೇಳಿದಳು:

“ಆಳುಗಳಿಗೆ ಹಾಕಾಯ್ತಾ?”

“ಹಾಕೋದು ಹಸುಗಳಿಗೆ ಅಮ್ಮಾ,” ಎಂದಳು ತಂಗಿ, ಹುಟ್ಟು ತಿರುವುತ್ತಲೇ. “ಆಳುಗಳಿಗೆ ಬಡಿಸಾಯ್ತು.”

“ಎರಡೂ ಒಂದೇ ತಾನೇ?”

“ನಿಮ್ಮ ಮನೇಲಿ ಇರಬಹುದು. ಬಡಿಯೋದು ಗೊತ್ತು, ಬಡಿಸೋದು ಗೊತ್ತಿಲ್ಲ.”

ಸಣ್ಣ ಯಜಮಾನಿ ನಕ್ಕಳು. ಆದರೆ ಆ ಮಾತನ್ನು ಅವಳು ಮರೆಯಲಿಲ್ಲ ಎಂಬುದು ನಮಗೆ ಆಮೇಲೆ ತಿಳಿಯಿತು.

ಅವಳೊಂದು ಹೊಸ ವ್ಯಾಪಾರ ತೆಗೆದಳು. ಪಟ್ಟಣದವರು ಕಾರಿನಲ್ಲಿ ಬರುವುದು, ಅಂಗಳದ ಮರದ ನೆರಳಲ್ಲಿ ಕೂರುವುದು, ಆಳುಗಳು ತಿನ್ನುವ ಊಟವನ್ನು ದುಡ್ಡು ಕೊಟ್ಟು ತಿನ್ನುವುದು. ಹೆಬ್ಬಾಗಿಲಿಗೆ ಬೋರ್ಡು ಹಾಕಿಸಿದಳು: ಆಳಿನ ಊಟ, ಹೊಟ್ಟೆ ತುಂಬ. ಬಂದವರ ತಲೆಗೆ ಹುಲ್ಲಿನ ಟೋಪಿ. ಕೂರಲು ಹೊಸದಾಗಿ ಮಾಡಿಸಿದ ಹಳೆಯ ಬೆಂಚು. ಅವರು ಒಂದು ತುತ್ತು ತಿಂದು ಕಣ್ಣು ಮುಚ್ಚುತ್ತಿದ್ದರು. ಅಯ್ಯೋ ಏನು ರುಚಿ, ಇದನ್ನ ತಿಂದೇ ಆ ಕಾಲದವರು ಗಟ್ಟಿ ಇದ್ದಿದ್ದು, ಎನ್ನುತ್ತಿದ್ದರು. ಆ ಕಾಲದವರಂತೆ! ಆಳುಗಳು ಕಲ್ಲೆಸೆತದ ದೂರದಲ್ಲಿ ಬಗ್ಗಿ ಕೊಯ್ಯುತ್ತಿದ್ದರು.

ಆಳುಗಳಿಗೂ ಪಟ್ಟಣದವರಿಗೂ ಸಾಲುವಷ್ಟು ಸಾಮಾನು ಉಗ್ರಾಣದಿಂದ ಬರಲಿಲ್ಲ. ಎಲುಬು, ಕೊಬ್ಬು, ಒಳ್ಳೆಯ ಕಾಳು ಅಂಗಳದ ಕೊಪ್ಪರಿಗೆಗೆ. ಹೊಲದ ಕೊಪ್ಪರಿಗೆಗೆ ನೀರು. ಮುದುಕ ತಟ್ಟೆಯನ್ನು ಓರೆಮಾಡಿ ನೋಡಿದ.

“ಚಿಕ್ಕಮ್ಮಾ, ಇದ್ರಲ್ಲಿ ಮುಖ ಕಾಣ್ತಿದೆ.”

“ನೋಡ್ಕೋ ಮಾವಾ. ಆಳಿನ ಊಟ ಆಳಿಗೊಂದು ಬಿಟ್ಟು ಮಿಕ್ಕೋರಿಗೆಲ್ಲ ಸಿಕ್ತಿದೆ.”

ನಕ್ಕರು. ತಿಂದರು. ಮಧ್ಯಾಹ್ನದ ಮೇಲೆ ಹೊರೆ ಹೊರುವ ಹೆಂಗಸೊಬ್ಬಳು ತಲೆ ಸುತ್ತಿ ಹೊರೆಯ ಸಮೇತ ಬಿದ್ದಳು. ಮೇಸ್ತ್ರಿ ಬಂದು ಹೊರೆಯನ್ನು ಮೊದಲು ಎತ್ತಿದ.

ಆಮೇಲೆ ತಡಿಕೆ ಬಂತು. ಅಡಿಗೆಮನೆಯಿಂದ ಕಣಕ್ಕೆ ಮೊದಲು ಅಂಗಳದ ನಡುವೆ ನೇರ ದಾರಿ ಇತ್ತು. ಈಗ ಅಲ್ಲಿ ಟೋಪಿಯವರು ಕೂರುತ್ತಾರೆ. ಅವರಿಗೆ ನಾವು ಕಾಣಬಾರದೆಂದು ಅಂಗಳದ ಅಂಚಿಗೆ ಜೊಂಡಿನ ತಡಿಕೆ ಕಟ್ಟಿಸಿದಳು. ಆಳೆತ್ತರದ ತಡಿಕೆ. ಅದರ ಹಿಂದೆ ಬಚ್ಚಲು ನೀರು ಹರಿಯುವ ಚರಂಡಿ. ತಡಿಕೆಗೂ ಚರಂಡಿಗೂ ನಡುವೆ ಒಬ್ಬರು ನಡೆಯುವಷ್ಟು ಜಾಗ. ಅದರಲ್ಲೇ ಕುದಿಯುವ ಕೊಪ್ಪರಿಗೆ ಹೊತ್ತು ಹೋಗಬೇಕು. ಆ ದಾರಿ ಉಗ್ರಾಣದ ಮೂಲೆಯಲ್ಲಿ ಥಟ್ಟನೆ ತಿರುಗುತ್ತದೆ. ತಿರುವಿನ ಆಚೆ ಕೈಗಾಡಿಯವನ ದಾರಿ. ಪಾತ್ರೆ ತೊಳೆಯುವ ಕಲ್ಲಿನಿಂದ ತಟ್ಟೆಗಳನ್ನು ತುಂಬಿಕೊಂಡು ಅವನು ಅಂಗಳಕ್ಕೆ ಬರುತ್ತಾನೆ.

ನಾವು ಕೂಗುತ್ತಲೇ ಹೋದೆವು. ಸಣ್ಣ ಯಜಮಾನಿ ಅಡಿಗೆಮನೆಗೆ ಬಂದಳು. ಹಿಂದೆ ಮೇಸ್ತ್ರಿ.

“ಇದೇನು ಹೀಗೆ ಅರಚ್ತೀರಿ? ಇಲ್ಲಿಗೆ ಬರೋರು ಶಾಂತಿ ಬೇಕು ಅಂತ ಬರೋರು. ನಾಳೆಯಿಂದ ಬಾಯಿ ಮುಚ್ಕೊಂಡು ಹೋಗಿ.”

“ಬಾಯಿ ಮುಚ್ಚಿದ್ರೆ ಕಾಲು ನಡೆಯಲ್ಲ ಅಮ್ಮಾ,” ಎಂದಳು ತಂಗಿ. “ನಮಗೇನು ಕೂಗೋ ಚಟಾನಾ? ಎದುರು ಬರೋರಿಗೆ ಗೊತ್ತಾಗಬೇಕು.”

“ನೋಡ್ಕೊಂಡು ನಡೀರಿ. ಕಣ್ಣಿಲ್ವಾ?”

“ತಡಿಕೆ ಅಡ್ಡ ಇದೆಯಲ್ಲ. ಆ ಕಡೆ ಕಾಣಲ್ಲ.”

“ಕಾಣಬಾರದು ಅಂತಾನೇ ಕಟ್ಟಿಸಿರೋದು.”

ತಂಗಿ ಇನ್ನೇನೋ ಹೇಳಲು ಬಾಯಿ ತೆರೆದಳು. ಮೇಸ್ತ್ರಿ ಅಡ್ಡ ಬಂದ.

“ಇನ್ನೊಂದ್ಸಲ ಕೂಗು ಕೇಳಿದ್ರೆ ಇಬ್ರೂ ಗಂಟುಮೂಟೆ ಕಟ್ಕೊಳ್ಳಿ. ಕೋಣೆ ಬೇರೆಯವರಿಗೆ ಬೇಕಾಗಿದೆ.”

ಆ ಕೋಣೆ ಬಿಟ್ಟರೆ ನಮಗೆ ನೆರಳಿಲ್ಲ ಎಂದು ಅವನಿಗೆ ಗೊತ್ತಿತ್ತು. ಮರುದಿನದಿಂದ ಬಾಯಿ ಮುಚ್ಚಿಕೊಂಡೆವು. ತಂಗಿ ಒಂದು ಉಪಾಯ ಮಾಡಿದಳು. ಬೆರಳ ಗೆಣ್ಣಿನಿಂದ ಬೊಂಬನ್ನು ತಟ್ಟುತ್ತಿದ್ದಳು. ಒಂದು ತಟ್ಟಿಗೆ ಅವಳ ಹೆಜ್ಜೆ, ಮುಂದಿನ ತಟ್ಟಿಗೆ ನನ್ನದು. ಆ ತಟ್ಟು ನನ್ನ ಹೆಗಲಿನ ಗಂಟಿಗೆ ಕೇಳುತ್ತಿತ್ತು. ಎದುರು ಬರುವವನಿಗೆ ಕೇಳುತ್ತಿರಲಿಲ್ಲ.

ಆ ದಿನ ಅಂಗಳದ ತುಂಬ ಜನ. ತಂಗಿ ಕದ್ದು ಅಂಗಳದ ಕೊಪ್ಪರಿಗೆಯಿಂದ ಗಟ್ಟಿ ಸಾರನ್ನು ಮೊಗೆದು ಹೊಲದ ಕೊಪ್ಪರಿಗೆಗೆ ಸುರಿದಿದ್ದಳು. “ಇವತ್ತು ಮಾವನಿಗೆ ಮುಖ ಕಾಣಲ್ಲ,” ಎಂದು ನಕ್ಕಳು. ನನ್ನೊಡನೆ ಅವಳು ಆಡಿದ ಕೊನೆಯ ನೆಟ್ಟಗಿನ ಮಾತು ಅದು.

ಬೊಂಬು ಎತ್ತಿದೆವು. ತಡಿಕೆಯ ಹಿಂದೆ ನಡೆದೆವು. ಅವಳು ತಟ್ಟಿದಳು, ಹೆಜ್ಜೆ ಇಟ್ಟಳು. ಉಗ್ರಾಣದ ಮೂಲೆಯಲ್ಲಿ ಕೈಗಾಡಿ ಬಂತು. ಗಾಡಿಯ ಮುಂದಿನ ಮರ ಅವಳ ಹೊಟ್ಟೆಗೆ ಬಡಿಯಿತು. ಅವಳು ಹಿಂದಕ್ಕೆ ಬಿದ್ದಳು. ಬೊಂಬು ಯಾವ ಕಡೆ ಇಳಿಯುತ್ತದೋ ಕೊಪ್ಪರಿಗೆ ಆ ಕಡೆಗೇ ಜಾರುತ್ತದೆ. ಅವಳ ಮೇಲೆ ಜಾರಿತು. ನೀರು ಬಿದ್ದರೆ ಹರಿದುಹೋಗುತ್ತದೆ. ಗಟ್ಟಿ ಸಾರು ಹರಿಯುವುದಿಲ್ಲ. ಅಂಟಿಕೊಳ್ಳುತ್ತದೆ. ನಾನು ಬರಿಗೈಯಿಂದ ತೆಗೆದೆ. ತೆಗೆದಲ್ಲೆಲ್ಲ ಚರ್ಮ ಬಂತು.

ಆಗ ಕೂಗಿದಳು. ಮೇಸ್ತ್ರಿ ಓಡಿಬಂದ. ಬಂದವನು ಮೊದಲು ಆಡಿದ ಮಾತನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

“ಕೂಗಿಸಬೇಡಿ. ಆ ಕಡೆ ಜನ ಊಟಕ್ಕೆ ಕೂತಿದಾರೆ.”

ತಡಿಕೆಯ ಆಚೆ ಯಾರೋ ಏನದು ಸದ್ದು ಎಂದು ಕೇಳಿದರು. ಸಣ್ಣ ಯಜಮಾನಿಯ ದನಿ ನನಗೆ ಸ್ಪಷ್ಟವಾಗಿ ಕೇಳಿತು. “ಏನಿಲ್ಲ, ಪಾತ್ರೆ ಬಿತ್ತು. ನೀವು ಊಟ ಮಾಡಿ.”

ಆಸ್ಪತ್ರೆಯಲ್ಲಿ ಕೆಲವು ದಿನ ಇದ್ದಳು. ಜ್ವರ ಏರಿದಾಗ ಕಣ್ಣು ತೆರೆಯದೆ ಕೂಗುತ್ತಿದ್ದಳು. ಬಿಸಿ ಬಂತೋ, ಬಿಸಿ ಬಂತೋ. ನರ್ಸು ಬಂದು, ಅಜ್ಜೀ ಅವರನ್ನ ಸ್ವಲ್ಪ ಸುಮ್ಮನಿರಿಸಿ, ಬೇರೆಯವರೂ ಇದಾರೆ, ಎಂದಳು. ಅಲ್ಲಿಯೂ ಅದೇ ಮಾತು. ಮೊದಲು ದೇವರೇ ಇವಳನ್ನು ಉಳಿಸು ಎಂದು ಬೇಡಿದೆ. ಆಮೇಲೆ ಕರೆದುಕೋ ಎಂದು ಬೇಡಿದೆ. ಕೊನೆಯ ದಿನ ಅವಳು ಕೂಗಿದಾಗ ಕಿವಿಯ ಹತ್ತಿರ ಬಾಯಿ ಇಟ್ಟು, ಯಾರಿಗೂ ಕೇಳದ ಹಾಗೆ, ದಾರಿ ಬಿಡ್ರೋ ಎಂದೆ. ಸುಮ್ಮನಾದಳು. ಮಧ್ಯಾಹ್ನದ ಊಟದ ಹೊತ್ತಿಗೆ ಹೋದಳು.

ಮೈ ತೊಳೆದವಳು ನಾನೇ. ತೊಳೆಯಲು ಉಳಿದದ್ದೇ ಸ್ವಲ್ಪ. ಹೆಗಲಿನ ಗಂಟು ಮಾತ್ರ ಸುಡದೆ ಹಾಗೇ ಇತ್ತು.

ಕೈಗಾಡಿಯವನು ಮಣ್ಣು ಮಾಡುವಾಗ ದೂರ ನಿಂತಿದ್ದ. ಎಲ್ಲರೂ ಹೋದ ಮೇಲೆ ಹತ್ತಿರ ಬಂದ. ಗಟ್ಟಿಮುಟ್ಟಾದ ಗಂಡಸು, ಮಕ್ಕಳೊಂದಿಗ.

“ಕೂಗಿದ್ದಿದ್ರೆ ನಿಲ್ತಿದ್ದೆ ದೊಡ್ಡಮ್ಮಾ. ದಿನಾ ಕೇಳಿ ನಿಲ್ತಿದ್ದವನು. ಆ ಮಾತನ್ನ ಮೇಸ್ತ್ರಿಗೆ ಹೇಳ್ದೆ. ಹೇಳಬೇಡ, ಅವಳು ಕಾಲು ಜಾರಿ ಬಿದ್ದಳು ಅನ್ನು, ಇಲ್ದಿದ್ರೆ ನಿನ್ನ ಮೇಲೇ ಬರುತ್ತೆ ಅಂದ ಮೇಸ್ತ್ರಿ.”

“ನೀನೇನಂದೆ?”

“ಕಾಲು ಜಾರಿದಳು ಅಂದೆ,” ಎಂದ. ನಿನ್ನ ಮೇಲೆ ನನಗೆ ಸಿಟ್ಟಿಲ್ಲ ಎಂದು ಹೇಳಬೇಕಿತ್ತು. ಹೇಳಲಿಲ್ಲ. ಸಿಟ್ಟಿತ್ತು.

ಸಣ್ಣ ಯಜಮಾನಿಯ ಮುಂದೆ ಹೋಗಿ ನಿಂತೆ. ಒಂದೇ ಒಂದು ಕೇಳಿದೆ.

“ತಡಿಕೆ ತೆಗೆಸಿ. ಮೊದಲಿನ ಹಾಗೆ ಕೂಗೋಕೆ ಬಿಡಿ. ಕೂಗಿದ್ರೆ ನನ್ನ ತಂಗಿ ಉಳೀತಿದ್ಲು ಅಂತ ನಾಲ್ಕು ಜನರ ಮುಂದೆ ಒಪ್ಕೊಳ್ಳಿ.”

“ನೋಡು, ನನಗೂ ದುಃಖ ಇದೆ,” ಎಂದಳು. “ಆದ್ರೆ ಎಲ್ಲಾ ದೇವರಿಚ್ಛೆ. ನೀನೇ ಅಷ್ಟು ಪ್ರಾರ್ಥನೆ ಮಾಡೋಳು, ನಿನಗೆ ಹೇಳಬೇಕಾ?”

“ದೇವರು ತಡಿಕೆ ಕಟ್ಟಿಸಿಲ್ಲ.”

ಅವಳ ಮುಖದ ನಯ ಹೋಯಿತು. “ವಯಸ್ಸಾಗಿತ್ತು, ಕಾಲು ಜಾರಿದಳು. ಅಷ್ಟೆ. ಇಷ್ಟ ಇದ್ರೆ ಇರು, ಇಲ್ಲಾಂದ್ರೆ ಬಾಗಿಲು ತೆರೆದೇ ಇದೆ.”

ಇದ್ದೆ. ಹೊಲದಲ್ಲಿ ಜನ ಹಸಿದಿದ್ದರು. ಬೇರೆ ಯಾರು ಬಂದರೂ ಆ ಸಾರಿಗೆ ಇನ್ನಷ್ಟು ನೀರು ಹೊಯ್ಯುತ್ತಿದ್ದರು. ತಂಗಿಯ ಜಾಗಕ್ಕೆ ಕೊಯ್ಯುವವರಲ್ಲಿ ಒಬ್ಬಳನ್ನು ಕಳಿಸಿದರು. ಉದ್ದನೆಯ ಹೆಂಗಸು, ಎಲ್ಲರೂ ಏಣಿ ಎಂದು ಕರೆಯುತ್ತಿದ್ದರು. ಬೊಂಬು ಹೊತ್ತರೆ ಕೊಪ್ಪರಿಗೆ ನನ್ನ ಮುಖದ ಕಡೆಗೆ ಜಾರುತ್ತಿತ್ತು. ಅವಳು ಮಂಡಿ ಬಗ್ಗಿಸಿ ನಡೆದಳು. ನಾನು ಹೆಗಲಿಗೆ ಬಟ್ಟೆ ಮಡಿಸಿ ಇಟ್ಟುಕೊಂಡೆ. ನನ್ನ ತಂಗಿಯ ಎತ್ತರಕ್ಕೆ ಬರಲು ಬಟ್ಟೆಯ ಎಷ್ಟು ಮಡಿಕೆ ಬೇಕಾಯಿತೆಂದು ಆ ಮನೆಯವರಿಗೆ ಗೊತ್ತಿಲ್ಲ. ಬಾಯಿ ಮುಚ್ಚಿ ನಡೆದೆವು. ಮೂಲೆ ಬಂದಾಗ ದಿನವೂ ನಿಲ್ಲುತ್ತಿದ್ದೆ. ಕಿವಿ ಕೊಟ್ಟು, ಚಕ್ರದ ಸದ್ದು ಇಲ್ಲವೆಂದು ತಿಳಿದ ಮೇಲೆ ಹೆಜ್ಜೆ ಇಡುತ್ತಿದ್ದೆ.

ಹೀಗಿರುವಾಗ ಒಂದು ಬೆಳಿಗ್ಗೆ ಸಣ್ಣ ಯಜಮಾನಿ ನಗುತ್ತ ಅಡಿಗೆಮನೆಗೆ ಬಂದಳು. ಕೈಯಲ್ಲಿ ಒಂದು ಬಟ್ಟೆ.

“ನಾಳೆ ದೊಡ್ಡವರು ಬರ್ತಿದಾರೆ. ಟೀವಿಯವರೂ ಬರ್ತಾರೆ. ನೀನು ಇದನ್ನ ಉಟ್ಕೋ.”

ಹೊಚ್ಚ ಹೊಸ ಬಟ್ಟೆ. ಅದಕ್ಕೆ ಅಲ್ಲಲ್ಲಿ ತೇಪೆ ಹಾಕಿಸಿದ್ದಳು. ಹರಿಯದ ಬಟ್ಟೆಗೆ ತೇಪೆ. ಏಣಿ ಅದನ್ನು ಎತ್ತಿ ಬೆಳಕಿಗೆ ಹಿಡಿದು, “ತೂತು ಎಲ್ಲಿದೆ ಅಮ್ಮಾ? ಮರೆತ್ರಾ?” ಎಂದಳು.

“ನೀನು ಸುಮ್ಮನಿರು.” ನನ್ನ ಕಡೆ ತಿರುಗಿ, “ಆಮೇಲೆ ಇನ್ನೊಂದು. ನೀವು ಮೊದಲು ಅದೇನೋ ಕೂಗ್ತಿದ್ರಲ್ಲ. ಬಿಸಿ ಬಂತು, ದಾರಿ ಬಿಡಿ ಅಂತ. ನಮ್ಮ ಮಾವ, ದೊಡ್ಡ ಯಜಮಾನ್ರು, ಅವರ ಹತ್ರ ಅದನ್ನ ಹೇಳಿದಾರೆ. ಅವರಿಗೆ ತುಂಬ ಇಷ್ಟ ಆಗಿದೆ. ನಾಳೆ ಅಂಗಳದಲ್ಲಿ ಎಲ್ಲರ ಮುಂದೆ ಕೂಗ್ಕೊಂಡು ಬಾ. ಚೆನ್ನಾಗಿರುತ್ತೆ. ಭಾರ ಹೊರೋದು ಬೇಡ, ಖಾಲಿ ಕೊಪ್ಪರಿಗೆ ಸಾಕು. ಪಾಪ, ನಿನಗೂ ವಯಸ್ಸಾಯ್ತು.”

ನನ್ನ ಕೈ ಹುಟ್ಟಿನ ಮೇಲೆ ಹಾಗೇ ನಿಂತಿತು. ಸಾರು ತಳ ಹಿಡಿಯಿತು. ನನ್ನ ಜನ್ಮದಲ್ಲಿ ಮೊದಲ ಸಲ ಸಾರು ತಳ ಹಿಡಿಯಿತು.

ಅವಳು ಹೋದ ಮೇಲೆ ಏಣಿ ಕೇಳಿದಳು: “ಕೂಗ್ತೀಯಾ ದೊಡ್ಡಮ್ಮಾ?”

ಹುಟ್ಟನ್ನು ಬದಿಗಿಟ್ಟೆ. ದೇವರ ಮುಂದೆ ಮಂಡಿಯೂರಿದೆ. ಬೇಡಲು ಏನೂ ತೋಚಲಿಲ್ಲ. ಆ ಕೂಗು ನನ್ನ ತಾಯಿಯದು. ನನ್ನ ತಂಗಿ ಅದನ್ನು ಗಂಟಲಲ್ಲಿಟ್ಟುಕೊಂಡು ಸತ್ತಳು. ಅದನ್ನು ಇವರು ಸಾರಿನ ಜೊತೆಗೆ ನಂಚಿಕೊಳ್ಳಲು ಕೇಳುತ್ತಿದ್ದಾರೆ. ಇಷ್ಟನ್ನೇ ಹೇಳಿ ಎದ್ದೆ.

ಮರುದಿನ ಮಧ್ಯಾಹ್ನ. ತೇಪೆಯ ಬಟ್ಟೆ ಉಡಲಿಲ್ಲ. ನನ್ನ ಹಳೆಯ ಬಟ್ಟೆಯಲ್ಲೇ ಅಂಗಳಕ್ಕೆ ಬಂದೆ. ಹಿಂದೆ ಏಣಿ. ಹೆಗಲ ಮೇಲೆ ಬೊಂಬು, ಬೊಂಬಿನಲ್ಲಿ ಖಾಲಿ ಕೊಪ್ಪರಿಗೆ. ಅದು ತೂಗಾಡುತ್ತಿತ್ತು, ಆಟದ ಸಾಮಾನಿನ ಹಾಗೆ. ಟೋಪಿಗಳು ನಮ್ಮ ಕಡೆ ತಿರುಗಿದವು. ಕ್ಯಾಮೆರಾ ತಿರುಗಿತು. ಸಣ್ಣ ಯಜಮಾನಿ ನನ್ನ ಬೆನ್ನ ಮೇಲೆ ಕೈ ಇಟ್ಟಳು. ಇಷ್ಟು ಕಾಲದಲ್ಲಿ ಆ ಕೈ ನನ್ನನ್ನು ಮುಟ್ಟಿದ್ದು ಅದೇ ಮೊದಲು.

“ಇವರು ನಮ್ಮ ಅಜ್ಜಿ. ನಮ್ಮನೆಗೆ ಹಿರಿಯರಿದ್ದ ಹಾಗೆ. ಇವರ ಕೈರುಚೀನೇ ನೀವು ಈಗ ಊಟ ಮಾಡೋದು. ಅಜ್ಜೀ, ಆ ಕೂಗು ಕೂಗಿ.”

ಬೆಳಿಗ್ಗೆಯವರೆಗೆ ನೀನು, ಈಗ ನೀವು. ನಾನು ಬಾಯಿ ತೆರೆಯಲಿಲ್ಲ.

“ಕೂಗಿ ಅಜ್ಜೀ. ನಾಚ್ಕೋಬೇಡಿ.”

ಟೋಪಿಯವನೊಬ್ಬ ಚಪ್ಪಾಳೆ ತಟ್ಟಿದ. “ಅಜ್ಜೀ ಕಮಾನ್!” ನಕ್ಕರು.

“ಇದು ಖಾಲಿ ಇದೆ,” ಎಂದೆ.

“ಏನು?”

“ಖಾಲಿ ಇದೆ. ಬಿಸಿ ಇಲ್ಲ. ಇಲ್ಲದ್ದನ್ನ ಬಂತು ಅನ್ನೋಕೆ ನನ್ನ ಬಾಯಿಗೆ ಬರಲ್ಲ.”

ಇನ್ನೂ ನಗುತ್ತಿದ್ದರು. ನಾನು ಗಟ್ಟಿಯಾಗಿ ಹೇಳಿದೆ.

“ಈ ಕೂಗು ಕೂಗಬಾರದು ಅಂತ ಇದೇ ಅಮ್ಮ ಅಪ್ಪಣೆ ಮಾಡಿದ್ರು. ನಿಮ್ಮ ಊಟಕ್ಕೆ ತೊಂದರೆ ಆಗುತ್ತೆ ಅಂತ. ನನ್ನ ತಂಗಿ ಕೂಗಲಿಲ್ಲ. ಆ ತಡಿಕೆ ಹಿಂದೆ, ಎದುರು ಬಂದ ಗಾಡಿ ಬಡಿದು, ಕುದಿಯೋ ಸಾರು ಮೈಮೇಲೆ ಬಿತ್ತು. ಬೆಂದು ಸತ್ತಳು. ಅವತ್ತೂ ಈ ಬೆಂಚಿನ ಮೇಲೆ ಜನ ಊಟ ಮಾಡ್ತಿದ್ರು. ಏನು ಸದ್ದು ಅಂತ ಕೇಳಿದ್ರು. ಪಾತ್ರೆ ಬಿತ್ತು ಅಂತ ಹೇಳಿದ್ರು.”

ನಗು ನಿಂತಿತು. ಒಬ್ಬ ಹೆಂಗಸು ತಟ್ಟೆಯಿಂದ ಕೈ ತೆಗೆದಳು. ಉಳಿದವರು ಸಣ್ಣ ಯಜಮಾನಿಯ ಮುಖ ನೋಡಿದರು. ಅವಳು ನಗುಮುಖ ಬಿಡಲಿಲ್ಲ. ತಲೆಯ ಪಕ್ಕಕ್ಕೆ ಬೆರಳು ಒಯ್ದು ಮೆಲ್ಲಗೆ ತಿರುಗಿಸಿದಳು.

“ವಯಸ್ಸು. ತಂಗಿ ಹೋದ ಮೇಲೆ ಸ್ವಲ್ಪ ಹೀಗೆ. ಪಾಪ. ಕಾಲು ಜಾರಿ ಬಿದ್ದಿದ್ದು. ಕ್ಯಾಮೆರಾ ಸ್ವಲ್ಪ ನಿಲ್ಸಿ.”

ಅವರ ಮುಖಗಳು ಹಗುರವಾದವು. ಆ ಹೆಂಗಸಿನ ಕೈ ತಟ್ಟೆಗೆ ಮರಳಿತು. ಅಲ್ಲಿಗೆ ನನ್ನ ತಾಳ್ಮೆ ಮುಗಿಯಿತು. ಬೊಂಬನ್ನು ನೆಲಕ್ಕೆ ಎಸೆದೆ. ಖಾಲಿ ಕೊಪ್ಪರಿಗೆ ಕಲ್ಲಿನ ಮೇಲೆ ಬಿದ್ದು ಸದ್ದು ಮಾಡಿತು.

“ಇದು ಪಾತ್ರೆ ಬಿದ್ದ ಸದ್ದು,” ಎಂದೆ. “ಕೇಳಿಸ್ಕೊಳ್ಳಿ. ಅವತ್ತು ಕೇಳಿದ್ದು ಇದಲ್ಲ.”

ಅಡಿಗೆಮನೆಗೆ ನಡೆದೆ. ಒಲೆಯ ಮೇಲೆ ಅಂಗಳದವರ ಕೊಪ್ಪರಿಗೆ ಕುದಿಯುತ್ತಿತ್ತು. ಎಲುಬು, ಕೊಬ್ಬು, ಹುಟ್ಟು ನೆಟ್ಟಗೆ ನಿಲ್ಲುವ ಸಾರು.

“ಎತ್ತು,” ಎಂದೆ.

“ಎಲ್ಲಿಗೆ?”

“ಕಣಕ್ಕೆ.”

“ಇದು ಅವರದ್ದು ದೊಡ್ಡಮ್ಮಾ.”

“ಹೆಬ್ಬಾಗಿಲ ಬೋರ್ಡಲ್ಲಿ ಏನಂತ ಬರೆದಿದೆ?”

“ಆಳಿನ ಊಟ.”

“ಮತ್ತೆ?”

ಏಣಿಗೆ ನಗು ಬಂತು. ಇನ್ನೊಂದು ಬೊಂಬು ತಂದು ಕೊಪ್ಪರಿಗೆಯ ಕಿವಿಗಳಿಗೆ ತೂರಿಸಿದಳು. “ನೀನು ಹಿಂದೆ ಬಾ,” ಎಂದಳು.

“ಇವತ್ತು ಮುಂದೆ ನಾನು.”

ತಂಗಿಯ ಜಾಗದಲ್ಲಿ ನಿಂತೆ. ಭಾರ ಹೆಗಲಿನ ಗಂಟಿನ ಮೇಲೆ ಇಳಿಯಿತು. ದೇವರೇ, ಎಲ್ಲರಿಗೂ ಸಾಲಲಿ ಎಂದು ಬೇಡಿಕೊಂಡೆ. ಹೊಸ್ತಿಲು ದಾಟಿ, ತಡಿಕೆಯ ಹಿಂದಿನ ದಾರಿಯನ್ನು ಬಿಟ್ಟು, ಅಂಗಳದ ಹಳೆಯ ನೇರ ದಾರಿಗೆ ಕಾಲಿಟ್ಟೆ.

“ಬಿಸಿ ಬಂತೋ!”

ದನಿ ಒಡೆದಿತ್ತು. ಅಷ್ಟು ದಿನ ಮುಚ್ಚಿದ್ದ ಬಾಯಿ.

“ದಾರಿ ಬಿಡ್ರೋ!” ಎಂದು ಹಿಂದಿನಿಂದ ಏಣಿ. ಮರದ ಹಕ್ಕಿಗಳೆಲ್ಲ ಎದ್ದವು.

ಬೆಂಚುಗಳು ಹಿಂದಕ್ಕೆ ಸರಿದವು. ಟೋಪಿಗಳು ಬಿದ್ದವು. ಆವಿ ಮುಖಕ್ಕೆ ಬಡಿದಾಗ ಅವರಿಗೆ ಅರ್ಥವಾಯಿತು, ಇದು ಖಾಲಿ ಇಲ್ಲ ಎಂದು. ಮೇಸ್ತ್ರಿ ಕೈ ಅಡ್ಡ ಚಾಚಿ ದಾರಿಯ ನಡುವೆ ನಿಂತ.

“ಇಳಿಸ್ರೀ ಕೆಳಗೆ! ಇಳಿಸ್ರೀ ಅಂದ್ರೆ!”

“ಬಿಸಿ ಬಂತೋ!”

ನಾನು ಹೆಜ್ಜೆ ತಡೆಯಲಿಲ್ಲ. ತಡೆದರೆ ಕೊಪ್ಪರಿಗೆ ತೂಗಾಡುತ್ತದೆ. ಅವನು ಸಾರು ನೋಡಿದ, ನನ್ನ ಮುಖ ನೋಡಿದ, ಪಕ್ಕಕ್ಕೆ ಹಾರಿದ. ಆ ಅಂಗಳದಲ್ಲಿ ಅವನು ನನಗೆ ದಾರಿ ಬಿಟ್ಟದ್ದು ಅದೊಂದೇ ಸಲ.

“ಅದು ದುಡ್ಡು ಕೊಟ್ಟೋರ ಊಟ!” ಎಂದು ಸಣ್ಣ ಯಜಮಾನಿ ಚೀರಿದಳು. ಶಾಂತಿ ಬೇಕೆಂದು ಬಂದವರ ನಡುವೆ ನಿಂತು ಚೀರಿದಳು.

“ಬೋರ್ಡ್ ಓದ್ಕೊಳ್ಳಿ ಅಮ್ಮಾ!” ಎಂದಳು ಏಣಿ. ಹೆಜ್ಜೆ ತಪ್ಪಲಿಲ್ಲ.

ಮುಂದೆ ತಡಿಕೆ. ಅದರಾಚೆ ಉಗ್ರಾಣದ ಮೂಲೆ. ನನಗೆ ಆ ಕಡೆ ಕಾಣಲಿಲ್ಲ. ಚಕ್ರದ ಸದ್ದು ಕೇಳಿತು. ಕೈಗಾಡಿ ತಟ್ಟೆ ತುಂಬಿಕೊಂಡು ಬರುತ್ತಿತ್ತು, ಕಲ್ಲುಗಳ ಮೇಲೆ ಗಡಗಡ ಎಂದು, ಅವತ್ತಿನ ಹಾಗೆಯೇ, ಅದೇ ವೇಗದಲ್ಲಿ. ಬೊಂಬನ್ನು ಎರಡು ಕೈಯಲ್ಲಿ ಹಿಡಿದೆ.

“ಬಿಸಿ ಬಂತೋ!”

ಚಕ್ರ ನಿಂತಿತು.

ನಾನೂ ನಿಂತೆ. ಹಿಂದೆ ಏಣಿಯೂ ನಿಂತಳು. ತಡಿಕೆಯ ಆಚೆಯಿಂದ ಗಂಡಸೊಬ್ಬ ಅಳುವುದು ಕೇಳಿತು. ಆಮೇಲೆ ಜೊಂಡು ಅಲುಗಾಡಿತು. ಕೈಗಾಡಿಯವನು ಆ ಕಡೆಯಿಂದ ತಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದು ಎಳೆದ. ಗೂಟಗಳು ಕಿತ್ತು ಬಂದವು. ತಡಿಕೆ ಚರಂಡಿಗೆ ಬಿತ್ತು.

“ನಿಂತೆ ದೊಡ್ಡಮ್ಮಾ,” ಎಂದ. ಅಂಗಳದ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ ಇನ್ನೊಮ್ಮೆ ಹೇಳಿದ. “ನೋಡಿ! ಕೂಗಿದ್ರು, ನಿಂತೆ!”

ತಡಿಕೆ ಬಿದ್ದ ಜಾಗದಲ್ಲಿ ಕಣ ಕಂಡಿತು. ಆಳುಗಳು ಆಗಲೇ ಎದ್ದು ನಿಂತಿದ್ದರು. ಕೂಗು ಅಲ್ಲಿಯವರೆಗೆ ಮುಟ್ಟಿತ್ತು. ಬಣವೆಯ ಮೇಲಿನ ಮುದುಕ ಹೊಟ್ಟೆಯ ಮಾತು ಆಡಲಿಲ್ಲ. ತಲೆಯ ಬಟ್ಟೆ ತೆಗೆದು ಕೈಯಲ್ಲಿ ಹಿಡಿದ.

“ದಾರಿ ಬಿಟ್ಟಿದೀವಿ ತಾಯೀ,” ಎಂದ.

ಎಲ್ಲರನ್ನೂ ಕೂರಿಸಿ ಬಡಿಸಿದೆ. ಮೇಸ್ತ್ರಿ ಕಣದ ಅಂಚಿನಲ್ಲಿ ನಿಂತು ಬೈಯುತ್ತಲೇ ಇದ್ದ. ತಿಂದು ಮುಗಿಯುವವರೆಗೆ ಯಾರೂ ಅವನ ಕಡೆ ತಿರುಗಲಿಲ್ಲ. ಮುದುಕ ತಟ್ಟೆಯನ್ನು ಓರೆಮಾಡಿ ನೋಡಿದ. ಮುಖ ಕಾಣಲಿಲ್ಲ.

ಸಂಜೆಗೆ ಮೊದಲೇ ನನ್ನ ಬಟ್ಟೆಯ ಗಂಟನ್ನು ಹೆಬ್ಬಾಗಿಲ ಹೊರಗೆ ಎಸೆದರು. ಏಣಿಯನ್ನೂ ಕೈಗಾಡಿಯವನನ್ನೂ ಕೆಲಸದಿಂದ ಬಿಡಿಸಿದರು. ಹುಟ್ಟನ್ನು ಕೇಳಿದೆ, ಕೊಡಲಿಲ್ಲ. ಈಗ ಏಣಿಯ ಮನೆಯ ಒಂದು ಮೂಲೆಯಲ್ಲಿದ್ದೇನೆ. ಮನೆಯಲ್ಲಿ ಕೂಳು ಕಡಿಮೆ, ಬಾಯಿಗಳು ಜಾಸ್ತಿ. ಅವರನ್ನು ಕ್ಷಮಿಸು ಎಂದು ದೇವರು ನನ್ನನ್ನು ಕೇಳುತ್ತಾನೆ, ನನಗೆ ಗೊತ್ತು. ಅವನ ಮಾತನ್ನು ನಾನು ಎಂದೂ ಮೀರಿದವಳಲ್ಲ. ಇದೊಂದನ್ನು ಮೀರುತ್ತೇನೆ.

ತಡಿಕೆಯನ್ನು ಮತ್ತೆ ಕಟ್ಟಿಸಿದ್ದಾರಂತೆ. ನನ್ನ ತಂಗಿ ಕಾಲು ಜಾರಿ ಬಿದ್ದಳು ಎಂದು ಈಗಲೂ ಹೇಳುತ್ತಾರಂತೆ. ಹೇಳಲಿ.

ನಾನು ಕೂಗಿದೆ. ಗಾಡಿ ನಿಂತಿತು.